ಮೇ ತಿಂಗಳ ಬಾವಿಗೆ ತಕ್ಕ ಪಂಪು

ಕಾರ್ಕಳದ ಕಡೆ ಇರುವ ನಮ್ಮ ಮನೆಯ ಬಾವಿ ಹನ್ನೊಂದು ಕೋಲು. ಕೋಲು ಅಂದರೆ ನಮ್ಮಲ್ಲಿ ಬಾವಿ ತೋಡುವವರ ಅಳತೆ, ಹೆಚ್ಚುಕಮ್ಮಿ ಎರಡೂವರೆ ಅಡಿ. ಲೆಕ್ಕ ಹಾಕಿದರೆ 28 ಅಡಿ ಆಳ. ಅಗಲ ಆರು ಅಡಿ. ಮೇಲಿನ ಹೆಚ್ಚಿನ ಭಾಗ ಮುರಕಲ್ಲು (ಜಂಬಿಟ್ಟಿಗೆ), ಅಡಿಯಲ್ಲಿ ಶೇಡಿ ಅನ್ನುವ ಬಿಳಿ ಜೇಡಿಮಣ್ಣು. ಜುಲೈಯಲ್ಲಿ ನೀರು ನೆಲಮಟ್ಟದಿಂದ ನಾಲ್ಕೇ ಅಡಿ ಕೆಳಗೆ ನಿಂತಿರುತ್ತದೆ. ಮೇ ತಿಂಗಳಲ್ಲಿ ಅದೇ ಬಾವಿಯಲ್ಲಿ ಉಳಿಯುವುದು ತಳದ ಮೂರೂವರೆ ಅಡಿ ನೀರು.

ಈ ಬಾವಿಯಲ್ಲಿ ಬಹಳ ವರ್ಷ ಕೆಲಸ ಮಾಡಿದ ಒಂದು ಎಚ್‌ಪಿಯ ಮಾನೋಬ್ಲಾಕ್ (ಮೋಟಾರು, ಪಂಪು ಒಂದೇ ತುಂಡಾಗಿರುವ) ಪಂಪಿಗೆ ವಯಸ್ಸಾಗಿತ್ತು. ವೈಂಡಿಂಗ್ ಮಾಡಿಸಿದರೂ ಶಾಫ್ಟ್ ಸವೆದಿರುವುದರಿಂದ ಜಾಸ್ತಿ ದಿನ ಬಾಳದು ಎಂದು ರಿಪೇರಿ ಮಾಡುವವರೇ ಹೇಳಿದರು. ಜೊತೆಗೆ ಮಹಡಿ ಮೇಲೆ ಹೊಸದಾಗಿ ಒಂದು ಕೋಣೆ, ಬಚ್ಚಲು ಕಟ್ಟಿಸಿದ್ದೆವು. ಅಲ್ಲಿ ಶವರ್‌ನಲ್ಲಿ ನೀರು ಸರಿಯಾಗಿ ಬರುತ್ತಿರಲಿಲ್ಲ. ಹೀಗಾಗಿ ಪಂಪು ಮತ್ತು ನಲ್ಲಿಗಳಿಗೆ ಒತ್ತಡದಿಂದ ನೀರು ಕೊಡುವ ಪ್ರೆಶರ್ ಟ್ಯಾಂಕ್, ಎರಡರ ಬಗ್ಗೆಯೂ ಒಟ್ಟಿಗೇ ಯೋಚಿಸಬೇಕಾಯಿತು.

ಪಂಪಿನ ಅಂಗಡಿಯಲ್ಲಿ ಮೊದಲು ಕೇಳುವುದು "ಎಷ್ಟು ಎಚ್‌ಪಿ ಬೇಕು?" ಅಂತ. ಬಾವಿ 28 ಅಡಿ ಅಂದ ಕೂಡಲೇ ಒಂದೂವರೆ ಎಚ್‌ಪಿ ತಗೊಳ್ಳಿ, ಹತ್ತು ನಿಮಿಷದಲ್ಲಿ ಟ್ಯಾಂಕ್ ತುಂಬುತ್ತದೆ ಅನ್ನುತ್ತಾರೆ. ಆದರೆ ಬಾವಿಯ ಮಟ್ಟಿಗೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಅತಿ ಕಡಿಮೆ ನೀರಿರುವ ದಿನ ನೀರು ಎಷ್ಟು ಕೆಳಗಿರುತ್ತದೆ? ಒರತೆ ಗಂಟೆಗೆ ಎಷ್ಟು ನೀರು ಕೊಡುತ್ತದೆ? ಮನೆಗೆ ದಿನಕ್ಕೆ ಎಷ್ಟು ಬೇಕು? ಈ ಮೂರಕ್ಕೂ ಉತ್ತರ ಸಿಗುವುದು ಅಂಗಡಿಯಲ್ಲಲ್ಲ, ಬಾವಿಕಟ್ಟೆಯಲ್ಲಿ. ಅದೂ ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ. ಪಂಪು ಬದಲಿಸುವ ಯೋಚನೆ ಇರುವವರು ಆ ತಿಂಗಳು ಒಂದು ಹಗ್ಗ, ಒಂದು ಕಲ್ಲು, ಒಂದು ಟೇಪು ಹಿಡಿದು ಬಾವಿಯ ಹತ್ತಿರ ಹೋಗಲೇಬೇಕು ಅನ್ನುವುದು ನನ್ನ ಒತ್ತಾಯ.

ಕರಾವಳಿಯ ಬಾವಿಗಳ ಸ್ವಭಾವವೇ ಹಾಗಿದೆ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ, ಆದರೆ ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮುರಕಲ್ಲಿನ ತುಂಬ ತೂತುಗಳು. ನೀರು ಬೇಗ ಇಳಿಯುತ್ತದೆ, ಅಷ್ಟೇ ಬೇಗ ಇಳಿಜಾರಿನ ಕಡೆ ಹರಿದೂ ಹೋಗುತ್ತದೆ. ಹಾಗಾಗಿ ಮಳೆಗಾಲದ ಬಾವಿ ನೋಡಿ ಪಂಪು ಆರಿಸಿದರೆ ಬೇಸಿಗೆಯಲ್ಲಿ ಅದು ಕೈಕೊಡುತ್ತದೆ. ನಮ್ಮ ಬಾವಿಯಲ್ಲಿ ಎರಡು ಕಾಲಗಳ ನಡುವೆ ನೀರಿನ ಮಟ್ಟದಲ್ಲಿ 20 ಅಡಿ ವ್ಯತ್ಯಾಸ ಇದೆ. ಬಯಲುಸೀಮೆಯ ಬೋರ್‌ವೆಲ್ ಲೆಕ್ಕಾಚಾರ ಇಲ್ಲಿಗೆ ಸರಿಹೊಂದುವುದಿಲ್ಲ.

ಈಗ ಸಕ್ಷನ್ ವಿಚಾರ. ಪಂಪು ಮೇಲಿದ್ದು ಪೈಪು ಮಾತ್ರ ಬಾವಿಗೆ ಇಳಿದಿದ್ದರೆ, ಪಂಪು ನೀರನ್ನು ಎಳೆಯುತ್ತದೆ ಅಂತ ನಾವು ಹೇಳುತ್ತೇವೆ. ನಿಜಕ್ಕೂ ಪಂಪು ಮಾಡುವುದು ಪೈಪಿನೊಳಗಿನ ಗಾಳಿಯ ಒತ್ತಡ ಕಡಿಮೆ ಮಾಡುವ ಕೆಲಸ. ನೀರನ್ನು ಮೇಲಕ್ಕೆ ತಳ್ಳುವುದು ಬಾವಿಯ ನೀರಿನ ಮೇಲೆ ಕೂತಿರುವ ಹೊರಗಿನ ಗಾಳಿ. ಸ್ಟ್ರಾ ಹಾಕಿ ಎಳನೀರು ಕುಡಿಯುವಾಗಲೂ ಆಗುವುದು ಇದೇ. ಈ ಗಾಳಿಗೆ ಒಂದು ಮಿತಿ ಇದೆ. ಸಮುದ್ರಮಟ್ಟದಲ್ಲಿ ಅದು ಹೆಚ್ಚೆಂದರೆ 10.3 ಮೀಟರ್, ಅಂದರೆ ಸುಮಾರು 34 ಅಡಿ ಎತ್ತರದ ನೀರಿನ ಕಂಬವನ್ನು ತಳ್ಳಬಲ್ಲದು. ಹತ್ತು ಎಚ್‌ಪಿ ಮೋಟಾರು ಹಾಕಿದರೂ ಒಂದಿಂಚು ಜಾಸ್ತಿಯಾಗುವುದಿಲ್ಲ. ಇಟಲಿಯ ಬಾವಿಗಳಲ್ಲಿ ಪಂಪು ಕೂರಿಸುತ್ತಿದ್ದವರಿಗೆ ನಾಲ್ಕು ಶತಮಾನಗಳ ಹಿಂದೆಯೇ ಈ ಮಿತಿ ಎದುರಾಗಿತ್ತು. ಅದರ ಕಾರಣ ಹುಡುಕುತ್ತಾ ಟೊರಿಸೆಲ್ಲಿ 1643ರಲ್ಲಿ ಪಾದರಸದ ಕೊಳವೆಯ ಪ್ರಯೋಗ ಮಾಡಿದ. ವಾಯುಭಾರಮಾಪಕ ಹುಟ್ಟಿದ್ದು ಹಾಗೆ.

ಆ 10.3 ಮೀಟರ್ ಪುಸ್ತಕದ ಲೆಕ್ಕ. ಫೂಟ್‌ವಾಲ್ವ್ (ಪೈಪಿನ ಕೆಳತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್), ಎಲ್ಬೋ (ಪೈಪಿನ ತಿರುವು), ಪೈಪಿನ ಒಳಮೈ ಎಲ್ಲ ತಮ್ಮ ಪಾಲು ತಿಂದು, ನೀರು ಆವಿಯಾಗದಂತೆ ಸ್ವಲ್ಪ ಒತ್ತಡವನ್ನೂ ಉಳಿಸಿಕೊಂಡ ಮೇಲೆ ನೆಚ್ಚಿಕೊಳ್ಳಬಹುದಾದದ್ದು ಆರರಿಂದ ಏಳು ಮೀಟರ್. 20ರಿಂದ 23 ಅಡಿ ಅಂತಿಟ್ಟುಕೊಳ್ಳಿ. ಎತ್ತರದ ಊರುಗಳಲ್ಲಿ ಗಾಳಿಯ ಒತ್ತಡವೇ ಕಡಿಮೆ. ಮಡಿಕೇರಿಯಂಥ ಕಡೆ ಪುಸ್ತಕದ ಲೆಕ್ಕವೇ ಒಂಬತ್ತು ಮೀಟರಿಗೆ ಇಳಿಯುತ್ತದೆ. ಅಲ್ಲಿ ನಿಜವಾಗಿ ಸಿಗುವುದು ಐದು-ಐದೂವರೆ ಮೀಟರ್. ಕೊಡಗು, ಚಿಕ್ಕಮಗಳೂರಿನ ನೆಂಟರು ಕರಾವಳಿಯಲ್ಲಿ ನಡೆಯುವ ಪಂಪು ನೋಡಿ ಅದನ್ನೇ ತಮ್ಮ ಮನೆಗೂ ಕೊಳ್ಳುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಬೇಕು.

ಮಿತಿ ಮೀರಿದರೆ ಏನಾಗುತ್ತದೆ? ಪಂಪು ಒಮ್ಮೆಲೇ ನಿಲ್ಲುವುದಿಲ್ಲ. ಅದೇ ಅಪಾಯ. ನೀರು ಸಣ್ಣಗಾಗುತ್ತದೆ, ಪಂಪಿನೊಳಗೆ ಕಟಕಟ ಸದ್ದು ಬರುತ್ತದೆ. ಒತ್ತಡ ತೀರಾ ಕಡಿಮೆಯಾದಾಗ ತಣ್ಣನೆಯ ನೀರೇ ಕುದ್ದು ಗುಳ್ಳೆಗಳಾಗುತ್ತದೆ. ಆ ಗುಳ್ಳೆಗಳು ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ಚಕ್ರ) ಮೇಲೆ ಒಡೆದು ಲೋಹವನ್ನು ಕೊರೆಯುತ್ತವೆ. ಬೇಸಿಗೆಯಲ್ಲಿ ಪಂಪು ನೀರು ಹಿಡಿದುಕೊಳ್ಳುತ್ತಿಲ್ಲ ಅಂತ ಬೈದುಕೊಂಡು ಫೂಟ್‌ವಾಲ್ವ್ ಬದಲಿಸುವವರು ಬಹಳ ಜನ. ಮಳೆಗಾಲದಲ್ಲಿ ಸರಿಯಾಗಿ ನಡೆದು ಏಪ್ರಿಲ್‌ನಲ್ಲಿ ಮಾತ್ರ ತೊಂದರೆ ಕೊಡುವ ಪಂಪಿಗೆ ಬಹುತೇಕ ಈ ಮಿತಿಯೇ ಕಾರಣ. ಇನ್ನೊಂದು ಕಾರಣವೂ ಇರಬಹುದು. ಸಕ್ಷನ್ ಪೈಪಿನ ಜಾಯಿಂಟಿನಲ್ಲಿ ಕಣ್ಣಿಗೆ ಕಾಣದ ತೂತು. ಪಂಪು ನಿಂತಾಗ ಅಲ್ಲಿಂದ ನೀರು ತೊಟ್ಟಿಕ್ಕದೇ ಇರಬಹುದು, ಆದರೆ ಪಂಪು ಓಡುವಾಗ ಗಾಳಿ ಒಳಗೆ ಬರುತ್ತದೆ. ನೀರು ಕೆಳಗೆ ಹೋದಷ್ಟೂ ಗಾಳಿ ಹೆಚ್ಚು ನುಗ್ಗುತ್ತದೆ.

ನಮ್ಮ ಬಾವಿಯಲ್ಲಿ ಮೇ ತಿಂಗಳ ನೀರು 25 ಅಡಿ ಕೆಳಗೆ. ಪಂಪನ್ನು ನೆಲದ ಮೇಲಿಟ್ಟರೆ ಸಕ್ಷನ್ ಮಿತಿ ದಾಟಿತು. ಅದಕ್ಕೇ ಹಿಂದಿನವರು ಬಾವಿಯೊಳಗೆ ಹತ್ತು-ಹನ್ನೆರಡು ಅಡಿ ಕೆಳಗೆ ಕಾಂಕ್ರೀಟ್ ಹಲಗೆ ಕೂರಿಸಿ ಅದರ ಮೇಲೆ ಮಾನೋಬ್ಲಾಕ್ ಇಟ್ಟಿದ್ದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೇ ಪದ್ಧತಿ. ಬೇಸಿಗೆಯಲ್ಲಿ ಒಳ್ಳೆಯದೇ. ಆದರೆ ಜೂನ್‌ನಲ್ಲಿ ಒಂದೇ ರಾತ್ರಿ ಸುರಿದ ಮಳೆಗೆ ನೀರು ಏರಿ ಮೋಟಾರು ಮುಳುಗುತ್ತದೆ. ಅದಕ್ಕೆ ಮುಂಚೆ ಹಗ್ಗ ಕಟ್ಟಿ ಎತ್ತಬೇಕು, ದೀಪಾವಳಿ ಕಳೆದ ಮೇಲೆ ಮತ್ತೆ ಇಳಿಸಬೇಕು. ಪಾಚಿ ಕಟ್ಟಿದ ಮೆಟ್ಟಿಲಲ್ಲಿ 30-35 ಕಿಲೋ ಕಬ್ಬಿಣ ಹಿಡಿದುಕೊಂಡು ಇಳಿಯುವುದು ಸುಮ್ನೆ ಮಾತಲ್ಲ. ಮನೆಯಲ್ಲಿ ಗಟ್ಟಿ ಆಳು ಇದ್ದ ಕಾಲಕ್ಕೆ ಆ ಪದ್ಧತಿ ನಡೆಯಿತು. ಈಗ ಎಷ್ಟೋ ಮನೆಗಳಲ್ಲಿ ಇರುವುದು ವಯಸ್ಸಾದ ತಂದೆತಾಯಿ ಮಾತ್ರ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಕರೆಂಟ್ ಇಲ್ಲದಾಗ ಬಾವಿ ಕೆಸರು ತೆಗೆಯಲು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನನ್ನು ಬಾವಿಯೊಳಗೆ ಇಳಿಸಿ ಓಡಿಸಬೇಡಿ. ಸಕ್ಷನ್ ಸಾಲುವುದಿಲ್ಲ ಅಂತ ಹೀಗೆ ಮಾಡುವವರಿದ್ದಾರೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಾಡದ ಬಾವಿಯಲ್ಲಿ ಅದು ತುಂಬಿಕೊಂಡು ಇಳಿದವರ ಜೀವ ತೆಗೆಯುತ್ತದೆ. ಕಾಪಾಡಲು ಇಳಿದ ಎರಡನೆಯವರೂ ಸಾಯುತ್ತಾರೆ.

ಬದಲಿ ಪಂಪಿಗೆ ನಮ್ಮೆದುರು ಇದ್ದ ದಾರಿಗಳು ಕೆಲವೇ. ಇನ್ನೊಂದು ಮಾನೋಬ್ಲಾಕ್ ತಂದು ಅದೇ ಹಲಗೆಯ ಮೇಲಿಡಬಹುದಿತ್ತು. ಅರ್ಧ ಎಚ್‌ಪಿಯ ಸಣ್ಣ ಸೆಲ್ಫ್ ಪ್ರೈಮಿಂಗ್ (ಪ್ರತಿಸಲ ನೀರು ತುಂಬಿಸದೆ ತಾನೇ ನೀರೆಳೆದುಕೊಳ್ಳುವ) ಪಂಪುಗಳು ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತವೆ. ಸಂಪಿನಿಂದ ಟ್ಯಾಂಕಿಗೆ ನೀರು ಏರಿಸಲು ಅವು ಚೆನ್ನಾಗಿವೆ. ಆದರೆ ಅವುಗಳೊಳಗೆ ಇಂಪೆಲ್ಲರ್‌ಗೂ ಹೊರಕವಚಕ್ಕೂ ನಡುವಿನ ಸಂದು ಕೂದಲೆಳೆಯಷ್ಟು. ಬಾವಿ ನೀರಿನಲ್ಲಿ ಸ್ವಲ್ಪ ಮರಳು, ಶೇಡಿ ಬಂದರೂ ಆ ಸಂದು ಬೇಗ ಸವೆದು ಪಂಪು ಸೋಲುತ್ತದೆ. ಅವುಗಳ ಇನ್ನೊಂದು ಗುಣವೂ ಗೊತ್ತಿರಬೇಕು. ಮಾನೋಬ್ಲಾಕ್ ಥರದ ಸಾಮಾನ್ಯ ಸೆಂಟ್ರಿಫ್ಯೂಗಲ್ ಪಂಪಿನ ವಾಲ್ವ್ ಕಡಿಮೆ ಮಾಡಿದರೆ ಮೋಟಾರಿನ ಭಾರ ಇಳಿಯುತ್ತದೆ. ಈ ಸಣ್ಣ ಪಂಪುಗಳಲ್ಲಿ ಉಲ್ಟಾ, ವಾಲ್ವ್ ಮುಚ್ಚಿದಷ್ಟೂ ಭಾರ ಏರುತ್ತದೆ. ಫ್ಲೋಟ್ ವಾಲ್ವ್ ಹಾಕಿದ ಟ್ಯಾಂಕಿಗೆ ಇವನ್ನು ಜೋಡಿಸಿ ಮರೆತುಬಿಟ್ಟರೆ ಮೋಟಾರು ಸುಡುವುದು ಖಂಡಿತ.

ಜೆಟ್ ಪಂಪು ಮೂರನೆಯ ದಾರಿ. ಮೇಲಿಂದ ಸ್ವಲ್ಪ ನೀರನ್ನು ಎರಡನೇ ಪೈಪಿನಲ್ಲಿ ಕೆಳಗೆ ಕಳಿಸಿ, ಅಲ್ಲಿನ ಜೆಟ್‌ನಿಂದ ಬಾವಿ ನೀರನ್ನು ಮೇಲಕ್ಕೆ ನೂಕಿಸುವ ಉಪಾಯ ಅದು. ಸಕ್ಷನ್ ಮಿತಿಯ ತೊಂದರೆ ಹಾಗೆ ತಪ್ಪುತ್ತದೆ. ಮೋಟಾರು ನೆಲದ ಮೇಲೇ ಇರುವುದರಿಂದ ರಿಪೇರಿಯೂ ಸುಲಭ. ಆದರೆ ಎತ್ತಿದ ನೀರಿನಲ್ಲಿ ಒಂದು ಪಾಲು ಮತ್ತೆ ಕೆಳಗೇ ಹೋಗುವುದರಿಂದ ಅದೇ ಕರೆಂಟಿಗೆ ಸಿಗುವ ನೀರು ಕಡಿಮೆ.

ನಾಲ್ಕನೆಯದು ಓಪನ್‌ವೆಲ್ ಸಬ್‌ಮರ್ಸಿಬಲ್. ಮೋಟಾರು, ಪಂಪು ಎರಡೂ ಸೇರಿ ನೀರೊಳಗೇ ಮಲಗಿರುವಂಥದ್ದು. ಸಕ್ಷನ್ ಪೈಪಿಲ್ಲ, ಫೂಟ್‌ವಾಲ್ವ್ ಇಲ್ಲ, ನೀರು ತುಂಬಿಸುವ ಕೆಲಸವಿಲ್ಲ, ಗಾಳಿ ಹಿಡಿಯುವ ಮಾತಿಲ್ಲ. ಮಳೆಗಾಲದಲ್ಲಿ ಎತ್ತಬೇಕಾಗಿಲ್ಲ. ನಮ್ಮ ಬಾವಿಯಂತೆ ಮಟ್ಟ 20 ಅಡಿ ಏರಿಳಿಯುವ ಕಡೆ ಇದೇ ಸರಿ ಎಂದು ನನಗೆ ಅನುಮಾನವಿಲ್ಲದೆ ಅನ್ನಿಸಿತು. ಅದನ್ನೇ ತಂದೆವು, ಅರ್ಧ ಎಚ್‌ಪಿಯದ್ದು.

ಅರ್ಧ ಎಚ್‌ಪಿ ಅಂದಾಗ ಮನೆಯಲ್ಲಿ ಎಲ್ಲರೂ ಹುಬ್ಬೇರಿಸಿದರು. ಹಳೆಯದು ಒಂದು ಎಚ್‌ಪಿ ಇತ್ತಲ್ವಾ, ಹೊಸದು ಅದಕ್ಕಿಂತ ದೊಡ್ಡದಾಗಬೇಡವೇ ಅಂತ. ಇದಕ್ಕೆ ಉತ್ತರ ಒರತೆಯಲ್ಲಿದೆ.

ಆರು ಅಡಿ ಅಗಲದ ದುಂಡು ಬಾವಿಯಲ್ಲಿ ಒಂದು ಅಡಿ ನೀರು ಅಂದರೆ ಸುಮಾರು 800 ಲೀಟರ್. ಅಗಲ ಬೇರೆಯಾದರೆ ಲೆಕ್ಕವೂ ಬೇರೆ. ಎರಡು ಮೀಟರ್ ಅಗಲದ ಬಾವಿಯಲ್ಲಿ ಹತ್ತು ಸೆಂಟಿಮೀಟರ್ ನೀರು 314 ಲೀಟರ್. ಮೇ ತಿಂಗಳಲ್ಲಿ ನೀರು ಸ್ವಲ್ಪ ಎತ್ತಿ, ಪಂಪು ನಿಲ್ಲಿಸಿ, ಹಗ್ಗದಲ್ಲಿ ಗುರುತು ಮಾಡಿ, ಗಂಟೆ ಬಿಟ್ಟು ಮತ್ತೆ ನೋಡಿದರೆ ನೀರು ನಾಲ್ಕು ಇಂಚು ಏರಿತ್ತು. ಅಂದರೆ ಒರತೆ ಗಂಟೆಗೆ ಸುಮಾರು 265 ಲೀಟರ್. ಮಟ್ಟ ಮೇಲೆ ಬಂದಂತೆ ಒರತೆ ನಿಧಾನವಾಗುತ್ತದೆ, ಆದರೂ ಹಗಲು ರಾತ್ರಿ ಸೇರಿದರೆ ಮನೆಗೆ ಧಾರಾಳ. ನಗರಗಳ ನೀರು ಸರಬರಾಜಿಗೆ ನಮ್ಮ ದೇಶದಲ್ಲಿ ಹಿಡಿಯುವ ಲೆಕ್ಕ ಒಬ್ಬರಿಗೆ ದಿನಕ್ಕೆ 135 ಲೀಟರ್. ಐದು ಜನಕ್ಕೆ 675. ಪಾತ್ರೆ, ಬಟ್ಟೆ, ನಾಲ್ಕು ಹೂಗಿಡ ಎಲ್ಲ ಸೇರಿಸಿ ಸಾವಿರ ಲೀಟರ್ ಅಂದುಕೊಂಡರೂ ಸಾಕು. ತೋಟಕ್ಕೆ ಬೇರೆ ಕೆರೆ ಇದೆ.

ಮೇ ತಿಂಗಳ ಮೂರೂವರೆ ಅಡಿ ನೀರಿನಲ್ಲಿ ತಳದ ಒಂದೂವರೆ ಅಡಿಯನ್ನು ಪಂಪು ಮುಳುಗಿರಲು ಬಿಡಬೇಕು. ಎತ್ತಬಹುದಾದದ್ದು ಎರಡು ಅಡಿ, 1600 ಲೀಟರ್. ಅಂಗಡಿಯವರು ಹೇಳಿದಂಥ ದೊಡ್ಡ ಪಂಪು ಗಂಟೆಗೆ 8000 ಲೀಟರ್ ಎತ್ತಿದರೆ ಹನ್ನೆರಡೇ ನಿಮಿಷದಲ್ಲಿ ಬಾವಿ ಬರಿದು. ಆಮೇಲೆ ಅದು ಒಣಗಾಳಿಯಲ್ಲಿ ಓಡುತ್ತದೆ. ಬೇಗ ನೀರು ಎಳೆದರೆ ಇನ್ನೊಂದು ಕೇಡೂ ಇದೆ. ಶೇಡಿ ಮಣ್ಣು ಮೆತ್ತಗಿನದು. ಮಟ್ಟ ದಿಢೀರ್ ಇಳಿದಾಗ ಸುತ್ತಲಿನ ನೀರು ರಭಸದಿಂದ ಬಾವಿಗೆ ನುಗ್ಗುತ್ತದೆ, ಬರುವಾಗ ಶೇಡಿಯನ್ನೂ ಕರಗಿಸಿಕೊಂಡು ಬರುತ್ತದೆ. ನೀರು ಬಿಳಿಚಿಕೊಳ್ಳುತ್ತದೆ, ತಳದಲ್ಲಿ ಹೂಳು ಕೂರುತ್ತದೆ, ಬದಿಗಳು ಟೊಳ್ಳಾಗಿ ಮೇಲಿನ ಕಲ್ಲಿಗೆ ಆಧಾರ ತಪ್ಪುತ್ತದೆ. ಬಾವಿ ಇದ್ದರೆ ಹತ್ತು ಪಂಪು ತರಬಹುದು. ಹೀಗಾಗಿ ನಿಧಾನವಾಗಿ ಎತ್ತುವ ಪಂಪೇ ಈ ಮಣ್ಣಿಗೆ ಒಳ್ಳೆಯದು.

ಇನ್ನು ಹೆಡ್, ಅಂದರೆ ಪಂಪು ನೀರನ್ನು ಎತ್ತಬೇಕಾದ ಒಟ್ಟು ಎತ್ತರ. ನೆಲದಿಂದ ಕೆಳಗೆ 25 ಅಡಿ, ನೆಲದಿಂದ ಟ್ಯಾಂಕಿನ ಬಾಯಿಗೆ 24 ಅಡಿ. ಒಟ್ಟು 49 ಅಡಿ, 15 ಮೀಟರ್. ಪೈಪಿನ ತಿಕ್ಕಾಟಕ್ಕೆ ಎರಡು ಮೀಟರ್ ಸೇರಿಸಿದರೆ 17. ಆ ಎತ್ತರದಲ್ಲಿ ಗಂಟೆಗೆ 2000 ಲೀಟರ್ ಕೊಡುವ ಪಂಪು ನಮಗೆ ಬೇಕಿತ್ತು. ಅರ್ಧ ಗಂಟೆಯಲ್ಲಿ ಸಾವಿರ ಲೀಟರ್ ಟ್ಯಾಂಕ್ ತುಂಬಿತು. ಅದಕ್ಕೆ ಅರ್ಧ ಎಚ್‌ಪಿ, ಅಂದರೆ 0.37 ಕಿಲೋವ್ಯಾಟ್ ಸಾಕು.

ಪಂಪಿನ ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಬರೆದ ಎರಡು ಅಂಕಿಗಳನ್ನು ಯಾರೂ ಹಾಗೇ ನಂಬಬಾರದು. ಗರಿಷ್ಠ ಹೆಡ್ ಮತ್ತು ಗರಿಷ್ಠ ಡಿಸ್ಚಾರ್ಜ್ (ಹೊರಬರುವ ನೀರಿನ ಪ್ರಮಾಣ) ಎರಡೂ ಒಟ್ಟಿಗೆ ಸಿಗುವುದೇ ಇಲ್ಲ. ಗರಿಷ್ಠ ಹೆಡ್‌ನಲ್ಲಿ ಒಂದು ಹನಿ ನೀರೂ ಬರುವುದಿಲ್ಲ. ಗರಿಷ್ಠ ಡಿಸ್ಚಾರ್ಜ್ ಸಿಗುವುದು ನೀರನ್ನು ಹೆಚ್ಚೇನೂ ಎತ್ತಬೇಕಿಲ್ಲದಾಗ. ಒಳಗಿರುವ ಹಾಳೆಯಲ್ಲಿ ಯಾವ ಹೆಡ್‌ಗೆ ಎಷ್ಟು ಲೀಟರ್ ಅನ್ನುವ ಪಟ್ಟಿ ಇರುತ್ತದೆ. ಅದನ್ನೇ ತೋರಿಸಿ ಅಂತ ಕೇಳಿ. ಪಟ್ಟಿ ಇಲ್ಲ ಅಂದರೆ ಆ ಪಂಪು ಬೇಡ. ಓಪನ್‌ವೆಲ್ ಸಬ್‌ಮರ್ಸಿಬಲ್‌ಗೆ ಐಎಸ್ 14220, ಮಾನೋಬ್ಲಾಕ್‌ಗೆ ಐಎಸ್ 9079, ಸಣ್ಣ ಸೆಲ್ಫ್ ಪ್ರೈಮಿಂಗ್‌ಗೆ ಐಎಸ್ 8472 ಅನ್ನುವ ಭಾರತೀಯ ಮಾನಕಗಳಿವೆ. ನೇಮ್‌ಪ್ಲೇಟ್ ಮೇಲೆ ಅದು ಇದೆಯಾ ನೋಡಿಕೊಳ್ಳಿ.

ಪಟ್ಟಿ ನೋಡುವಾಗ ಮೇ ಜೊತೆಗೆ ಜುಲೈಯನ್ನೂ ನೋಡಬೇಕು. ಮಳೆಗಾಲದಲ್ಲಿ ನೀರು ನಾಲ್ಕೇ ಅಡಿ ಕೆಳಗಿರುವುದರಿಂದ ನಮ್ಮ ಒಟ್ಟು ಹೆಡ್ ಹತ್ತು ಮೀಟರಿಗೆ ಇಳಿಯುತ್ತದೆ. ಹೆಡ್ ಇಳಿದರೆ ಸೆಂಟ್ರಿಫ್ಯೂಗಲ್ ಪಂಪು ಜಾಸ್ತಿ ನೀರು ಎತ್ತುತ್ತದೆ, ಜಾಸ್ತಿ ಕರೆಂಟ್ ಎಳೆಯುತ್ತದೆ. 30-40 ಮೀಟರಿಗೆ ಮಾಡಿದ ಪಂಪನ್ನು ಹತ್ತು ಮೀಟರಿನಲ್ಲಿ ಓಡಿಸಿದರೆ ಓವರ್‌ಲೋಡ್ ಆಗಿ ಮೋಟಾರು ಬಿಸಿಯಾಗುತ್ತದೆ. ನೇಮ್‌ಪ್ಲೇಟಿನಲ್ಲಿ ಬರೆದ ಹೆಡ್‌ನ ವ್ಯಾಪ್ತಿ ನಮ್ಮ ಹತ್ತನ್ನೂ ಒಳಗೊಳ್ಳಬೇಕು, ಹದಿನೇಳನ್ನೂ ಒಳಗೊಳ್ಳಬೇಕು.

ಯಾವ ಕಂಪನಿ ಅಂತ ಕೇಳುವವರಿಗೆ ನನ್ನ ಉತ್ತರ ಚಿಕ್ಕದು. ನಿಮ್ಮ ಪೇಟೆಯಲ್ಲಿ ಯಾವುದಕ್ಕೆ ಸೀಲ್, ಬುಷ್, ಕೆಪಾಸಿಟರ್ ಸಿಗುತ್ತದೋ ಅದು. ಕೊಯಮತ್ತೂರಿನಲ್ಲಿ ತಯಾರಾಗುವ ಪಂಪುಗಳು ನಮ್ಮ ಕಡೆ ಎಲ್ಲ ಊರಲ್ಲೂ ಇವೆ. ಪಂಪು ಅಂದರೆ ಕಿರ್ಲೋಸ್ಕರ್ ಅನ್ನುವ ಕಾಲವೂ ಇತ್ತು. ಆ ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡು ಶುರು ಮಾಡಿದವರು ಅವರು.

ಪೈಪಿನ ವಿಚಾರದಲ್ಲಿ ಮಾತ್ರ ಜಿಪುಣತನ ಬೇಡ. ಒಂದಿಂಚಿನ ಬದಲು ಒಂದೂಕಾಲು ಇಂಚಿನ ಪೈಪು ಹಾಕಿದರೆ ಅಷ್ಟೇ ನೀರಿಗೆ ತಿಕ್ಕಾಟ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಪಂಪಿನ ಎಚ್‌ಪಿ ಏರಿಸುವುದಕ್ಕಿಂತ ಇದು ಅಗ್ಗ, ಪ್ರತಿ ತಿಂಗಳ ಬಿಲ್ಲಿನಲ್ಲೂ ಉಳಿತಾಯ. ಕೇಬಲ್ ಕೂಡ ಹಾಗೆಯೇ, ದಪ್ಪದ್ದೇ ಇರಲಿ. ಬೇಸಿಗೆ ಸಂಜೆ ವೋಲ್ಟೇಜ್ 180ಕ್ಕೆ ಇಳಿಯುವ ಊರುಗಳಿವೆ. 230ರ ಜಾಗದಲ್ಲಿ 180 ಇದ್ದರೆ ಮೋಟಾರಿನ ತಿರುಗುವ ಬಲ ಶೇಕಡಾ 60ಕ್ಕೆ ಬರುತ್ತದೆ. ಅದರ ಮೇಲೆ ತೆಳು ಕೇಬಲ್ ಇನ್ನಷ್ಟು ವೋಲ್ಟ್ ತಿಂದರೆ ಮೋಟಾರು ಸ್ಟಾರ್ಟ್ ಆಗದೆ ಗುಂಯ್ ಅಂತ ನಿಂತು ಸುಡುತ್ತದೆ. ನೀರೊಳಗಿನ ಪಂಪಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಮತ್ತು ಒಳ್ಳೆಯ ಅರ್ಥಿಂಗ್ ಇಲ್ಲದೆ ಕರೆಂಟ್ ಕೊಡಲೇಬಾರದು. ಅದೇ ಬಾವಿಯಿಂದ ರಾಟೆಯಲ್ಲಿ ನೀರು ಸೇದುವವರಿದ್ದಾರೆ. ಪಂಪನ್ನು ಎತ್ತಲು, ಇಳಿಸಲು ನೈಲಾನ್ ಹಗ್ಗವೇ ಬೇಕು. ಕೇಬಲ್ ಹಿಡಿದು ಎತ್ತಿದರೆ ಒಳಗಿನ ಜಾಯಿಂಟ್ ಸಡಿಲವಾಗುತ್ತದೆ. ಬಾವಿಯಲ್ಲಿ ನೀರು ಕಡಿಮೆಯಾದಾಗ ತಾನೇ ನಿಲ್ಲುವ ಸ್ವಿಚ್ ಕೂಡ ಹಾಕಿಸಿದೆವು. ನೀರಿಲ್ಲದೆ ಓಡಿದರೆ ಇಂಥ ಪಂಪಿನ ಬುಷ್‌ಗಳು ನಿಮಿಷಗಳಲ್ಲಿ ಹಾಳಾಗುತ್ತವೆ, ಏಕೆಂದರೆ ಅವಕ್ಕೆ ನೀರೇ ಎಣ್ಣೆ.

ಈಗ ಪ್ರೆಶರ್ ಟ್ಯಾಂಕ್. ಇದರ ಬಗ್ಗೆ ನಮ್ಮಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ. ಅಮೆರಿಕದ ಹಳ್ಳಿ ಕಡೆ ಮನೆ ಮಾಡಿರುವ ನಮ್ಮವರು ಊರಿಗೆ ಬಂದಾಗ, ಅಲ್ಲಿ ಬಾವಿ ಪಂಪಿಗೆ ನೇರವಾಗಿ ಪ್ರೆಶರ್ ಟ್ಯಾಂಕ್ ಇದೆ, ಛಾವಣಿ ಮೇಲೆ ಟ್ಯಾಂಕೇ ಇಲ್ಲ, ನೀವೂ ಹಾಗೇ ಮಾಡಿ ಅನ್ನುತ್ತಾರೆ. ಅಲ್ಲಿ ಚಳಿಗಾಲದಲ್ಲಿ ಛಾವಣಿ ಮೇಲಿನ ನೀರು ಹೆಪ್ಪುಗಟ್ಟುತ್ತದೆ. ಹಾಗಾಗಿ ಟ್ಯಾಂಕ್ ನೆಲಮಾಳಿಗೆಯಲ್ಲಿ ಇರಬೇಕು, ನೀರು ಒತ್ತಡದಿಂದಲೇ ಮೇಲೆ ಬರಬೇಕು. ಕರೆಂಟ್ ಕೂಡ ಸಾಮಾನ್ಯವಾಗಿ ಇರುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಇಡೀ ದಿನ ಕರೆಂಟಿಲ್ಲ.

ಟ್ಯಾಂಕಿನ ಒಳಗೆ ಏನಿದೆ ನೋಡಿ. ಉಕ್ಕಿನ ಗುಂಡಿನೊಳಗೆ ಒಂದು ರಬ್ಬರ್ ಚೀಲ. ಚೀಲದಲ್ಲಿ ನೀರು, ಸುತ್ತ ಗಾಳಿ. ಪಂಪು ನೀರು ತುಂಬಿದಾಗ ಗಾಳಿ ಅದುಮಿಕೊಳ್ಳುತ್ತದೆ. ನಲ್ಲಿ ತೆರೆದಾಗ ಆ ಗಾಳಿ ನೀರನ್ನು ಹೊರಗೆ ತಳ್ಳುತ್ತದೆ. 24 ಲೀಟರ್ ಟ್ಯಾಂಕ್ ಅಂದರೆ 24 ಲೀಟರ್ ನೀರು ಸಿಗುತ್ತದೆ ಅಂತ ಅಲ್ಲ. ಪಂಪು 1.4 ಬಾರ್‌ಗೆ ಶುರುವಾಗಿ 2.8 ಬಾರ್‌ಗೆ ನಿಲ್ಲುವಂತೆ ಇಟ್ಟರೆ, ನಡುವೆ ಸಿಗುವುದು ಎಂಟು ಲೀಟರ್ ಮಾತ್ರ. ನೂರು ಲೀಟರ್ ಟ್ಯಾಂಕಿನಲ್ಲೂ 34 ಲೀಟರ್ ಆಸುಪಾಸು. ಕರೆಂಟ್ ಹೋದರೆ ಇಷ್ಟರಲ್ಲೇ ಮನೆ ನಡೆಯಬೇಕು. ಈ ಟ್ಯಾಂಕ್ ಇರುವುದು ನೀರು ಕೂಡಿಡಲು ಅಲ್ಲ. ಕೈ ತೊಳೆಯಲು ನಲ್ಲಿ ತಿರುಗಿಸಿದ ಪ್ರತಿಸಲ ಮೋಟಾರು ಸ್ಟಾರ್ಟ್ ಆಗದಂತೆ ತಡೆಯಲು. ಸ್ಟಾರ್ಟ್ ಆಗುವಾಗಲೇ ಮೋಟಾರು ಹೆಚ್ಚು ಬಿಸಿಯಾಗುವುದು. ಶುರುವಾದ ಮೇಲೆ ಕನಿಷ್ಠ ಒಂದು ನಿಮಿಷ ಓಡಲಿ ಅನ್ನುವುದು ಸಣ್ಣ ಪಂಪುಗಳಿಗೆ ಹಿಡಿಯುವ ಲೆಕ್ಕ. ಟ್ಯಾಂಕಿನ ಅಳತೆ ಆರಿಸಬೇಕಾದದ್ದು ಈ ಲೆಕ್ಕದಿಂದ.

ಬಾವಿಯ ಪಂಪಿಗೇ ನೇರ ಜೋಡಿಸಿದ್ದರೆ ನಮ್ಮ ಮನೆಯಲ್ಲಿ ಆಗುತ್ತಿದ್ದದ್ದು ಇಷ್ಟು. 2.8 ಬಾರ್ ಅಂದರೆ 28 ಮೀಟರ್ ಎತ್ತರಕ್ಕೆ ಸಮ. ಬಾವಿಯ ಆಳದ ಏಳೂವರೆ ಮೀಟರ್ ಸೇರಿದರೆ ಮೂವತ್ತೈದಕ್ಕೂ ಮೇಲೆ. ನಮ್ಮ ಅರ್ಧ ಎಚ್‌ಪಿ ಪಂಪಿಗೆ ಅಷ್ಟು ಹೆಡ್ ಇಲ್ಲ. 2.8 ಮುಟ್ಟಲಾಗದೆ ಅದು ನಿಲ್ಲದೇ ಓಡುತ್ತಲೇ ಇರುತ್ತಿತ್ತು. ಅದಕ್ಕೆಂದು ದೊಡ್ಡ ಪಂಪು ಇಳಿಸಿದರೆ ಮತ್ತೆ ಒರತೆಯ ಕಥೆ. ಛಾವಣಿ ಮೇಲಿನ ಟ್ಯಾಂಕಿನಲ್ಲಿ ಒಂದು ದಿನದ ನೀರು ಇರುತ್ತದೆ, ಬಾವಿಯನ್ನು ನಮಗೆ ಬೇಕಾದ ಹೊತ್ತಿಗೆ, ಮುಂಜಾನೆ ನೀರು ಕೂಡಿಕೊಂಡಾಗ ಎತ್ತಬಹುದು. ಅದನ್ನು ತೆಗೆಯುವ ಮಾತೇ ಬೇಡ ಅಂತ ನಾನು ಗಟ್ಟಿಯಾಗಿ ಹೇಳಿದೆ.

ಹಾಗಾದರೆ ಮಹಡಿಯ ಶವರ್? ಟ್ಯಾಂಕಿನ ತಳ ಶವರ್‌ಗಿಂತ ಐದೇ ಅಡಿ ಮೇಲಿದೆ. ಅದರಿಂದ ಸಿಗುವುದು 0.15 ಬಾರ್. ಟ್ಯಾಂಕನ್ನು ಇನ್ನೂ ಹತ್ತು ಅಡಿ ಎತ್ತರಿಸಿದರೂ ಸೇರುವುದು 0.3 ಬಾರ್ ಮಾತ್ರ. ಅದಕ್ಕಾಗಿ ಕಾಂಕ್ರೀಟ್ ಕಂಬ ಕಟ್ಟಿಸುವುದು ದಂಡ. ಕೆಳಗಿನ ನಲ್ಲಿಗಳಿಗೆ ಈಗಿರುವ ಎತ್ತರ ಸಾಕು. ಆದ್ದರಿಂದ ಛಾವಣಿ ಟ್ಯಾಂಕಿನಿಂದ ಹೊರಟು ಮಹಡಿ ಬಚ್ಚಲಿಗೆ ಮಾತ್ರ ಹೋಗುವ ಒಂದು ಬೇರೆ ಲೈನ್ ಎಳೆದು, ಅದಕ್ಕೆ ಸಣ್ಣ ಪಂಪು ಮತ್ತು 24 ಲೀಟರ್ ಟ್ಯಾಂಕ್ ಹಾಕಿಸಿದೆವು. ಪಕ್ಕದಲ್ಲೇ ವಾಲ್ವ್ ಇರುವ ಬೈಪಾಸ್ ಪೈಪು. ಕರೆಂಟಿಲ್ಲದಾಗ ವಾಲ್ವ್ ತೆರೆದರೆ ಮೊದಲಿನಂತೆ ನೀರು ತಾನೇ ಇಳಿಯುತ್ತದೆ. ಬರೀ ಬಕೆಟ್ ಸ್ನಾನ ಮಾಡುವ ಮನೆಗೆ ಇದಾವುದೂ ಬೇಕಿಲ್ಲ.

ಪ್ರೆಶರ್ ಪಂಪು ಹಾಕಿಸುವ ಎಲ್ಲರೂ ಒಂದು ವಿಚಾರ ತಿಳಿದಿರಲೇಬೇಕು, ಅದು ಸೋಲಾರ್ ವಾಟರ್ ಹೀಟರ್. ನಮ್ಮ ರಾಜ್ಯದಲ್ಲಿ ಮನೆಮನೆಯಲ್ಲೂ ಇರುವ ಗಾಜಿನ ಕೊಳವೆಯ ಹೀಟರುಗಳಲ್ಲಿ ಹೆಚ್ಚಿನವು ಒತ್ತಡ ತಾಳುವಂಥವಲ್ಲ. ಅವುಗಳ ಟ್ಯಾಂಕಿಗೆ ಗಾಳಿ ಹೋಗುವ ತೆರೆದ ಪೈಪು ಇರುತ್ತದೆ. ಅದಕ್ಕೆ ಪ್ರೆಶರ್ ಲೈನ್ ಸೇರಿಸಿದರೆ ಆ ಪೈಪಿನಿಂದ ನೀರು ಉಕ್ಕುತ್ತದೆ, ಇಲ್ಲವೇ ಟ್ಯಾಂಕ್ ಬಿರಿಯುತ್ತದೆ. ನೇರ ಸೇರಿಸದಿದ್ದರೂ ಮಿಕ್ಸರ್ ನಲ್ಲಿಯೊಳಗೆ ಒತ್ತಡದ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗಿ ಹಿಂದಕ್ಕೆ ಹೋಗುತ್ತದೆ. ಬಿಸಿನೀರೇ ಬರುತ್ತಿಲ್ಲ, ಛಾವಣಿಯಲ್ಲಿ ನೀರು ಸುರಿಯುತ್ತಿದೆ ಅಂತ ದೂರುವ ಮನೆಗಳಲ್ಲಿ ಕಾರಣ ಬಹುಪಾಲು ಇದೇ. ಬಿಸಿನೀರಿನ ಲೈನಿಗೆ ನಾನ್ ರಿಟರ್ನ್ ವಾಲ್ವ್ ಹಾಕಿದರೆ ಹಿಂದಕ್ಕೆ ಹೋಗುವುದು ನಿಲ್ಲುತ್ತದೆ, ಆದರೆ ಬಿಸಿ ತಣ್ಣೀರು ಸಮನಾಗಿ ಬೆರೆಯುವುದಿಲ್ಲ. ಮಹಡಿ ಬಚ್ಚಲಿಗೆ ನಾವು ಒತ್ತಡ ತಾಳುವ ಗೀಸರ್ ಇಟ್ಟು, ಸೋಲಾರನ್ನು ಕೆಳಗಿನ ಬಚ್ಚಲಿಗೆ ಮಾತ್ರ ಬಿಟ್ಟೆವು.

ಟ್ಯಾಂಕ್ ಕೊಳ್ಳುವಾಗ ಬಾಯಿಯ ಫ್ಲೇಂಜ್ ಸ್ಟೇನ್‌ಲೆಸ್ ಸ್ಟೀಲಿನದಾ ಅಂತ ಕೇಳಿ. ಮುರಕಲ್ಲಿನ ಬಾವಿ ನೀರಿನಲ್ಲಿ ಹುಳಿಯಂಶ ಸಾಮಾನ್ಯ. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪುಗಳನ್ನು ಅದು ಹೇಗೆ ತಿಂದಿದೆ ಅಂತ ನಾವೆಲ್ಲ ನೋಡಿದ್ದೇವೆ. ರಬ್ಬರ್ ಚೀಲ ಬಿಡಿಯಾಗಿ ಸಿಗುತ್ತದಾ ಅಂತಲೂ ಕೇಳಿ. ಆಮೇಲೆ ಮಾಡಬೇಕಾದ ಕೆಲಸ ಸ್ವಲ್ಪವೇ. ಆರು ತಿಂಗಳಿಗೊಮ್ಮೆ ಪಂಪು ಆಫ್ ಮಾಡಿ, ನಲ್ಲಿ ತೆರೆದು ನೀರೆಲ್ಲ ಖಾಲಿ ಮಾಡಿ, ಟೈರಿಗೆ ಹಿಡಿಯುವ ಗೇಜಿನಿಂದ ಗಾಳಿ ನೋಡಬೇಕು. ಪಂಪು ಶುರುವಾಗುವ ಒತ್ತಡಕ್ಕಿಂತ ತುಸು ಕಡಿಮೆ ಇರಬೇಕು. 1.4 ಬಾರ್‌ಗೆ ಶುರುವಾಗುವುದಾದರೆ 1.25 ಬಾರ್, ಟೈರಿನವರ ಲೆಕ್ಕದಲ್ಲಿ 18. ಕಡಿಮೆಯಾಗಿದ್ದರೆ ಸೈಕಲ್ ಪಂಪಿನಿಂದ ತುಂಬಿಸಿದರೂ ಆಯಿತು. ಗಾಳಿಯ ಪಿನ್ ಒತ್ತಿದಾಗ ನೀರು ಬಂದರೆ ಚೀಲ ಹರಿದಿದೆ. ಮೋಟಾರು ಕ್ಷಣಕ್ಕೊಮ್ಮೆ ಆನ್ ಆಫ್ ಆಗುತ್ತಿದ್ದರೆ ಮೊದಲು ನೋಡಬೇಕಾದದ್ದು ಈ ಗಾಳಿಯನ್ನು. ಆಮೇಲೆ ತೊಟ್ಟಿಕ್ಕುವ ನಲ್ಲಿ, ಕಮೋಡಿನ ಫ್ಲಶ್.

ಹಳೆಯ ಮಾನೋಬ್ಲಾಕ್ ಗುಜರಿಗೆ ಹೋಗಲಿಲ್ಲ. ಗದ್ದೆ ಬದಿಯಲ್ಲಿ ಮನೆಯಿರುವ ನೆಂಟರ ಬಾವಿಯಲ್ಲಿ ಮೇ ತಿಂಗಳಲ್ಲೂ ನೀರು ಹನ್ನೆರಡು ಅಡಿಯಲ್ಲೇ ಸಿಗುತ್ತದೆ. ಅವರು ಶಾಫ್ಟ್, ಬೇರಿಂಗ್ ಬದಲಿಸಿ, ವೈಂಡಿಂಗ್ ಮಾಡಿಸಿ, ಹೊಸ ಫೂಟ್‌ವಾಲ್ವ್ ಹಾಕಿ ನೆಲದ ಮೇಲೆಯೇ ಕೂರಿಸಿದ್ದಾರೆ. ತರಕಾರಿ ಗಿಡಗಳಿಗೆ ಸಂಜೆ ಅದರಿಂದಲೇ ನೀರು ಬಿಡುತ್ತಾರೆ.